ಕೊರಳಿನ ಸುತ್ತಿಗೆ, ಆಣೆಯ ಬಳೆ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಶಿರಸಿಯ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗಳು ಕೋಪನ್‌ಹೇಗನ್‌ನಲ್ಲಿದ್ದಾಳೆ. ಪಕ್ಕದ ಮನೆಯ ಮಹಿಳೆ ಥಾರ್, ಓಡಿನ್, ಫ್ರೇಯಾ ಮುಂತಾದ ಹಳೆಯ ನಾರ್ಸ್ (ಉತ್ತರ ಯುರೋಪಿನ ಡೆನ್ಮಾರ್ಕ್, ಐಸ್‌ಲ್ಯಾಂಡ್ ಕಡೆಯ) ದೇವರುಗಳಿಗೆ ನಡೆದುಕೊಳ್ಳುವವರು. ಕೊರಳಲ್ಲಿ ಬೆಳ್ಳಿಯ ಪುಟ್ಟ ಸುತ್ತಿಗೆ. ಕಪಾಟಿನ ಮೇಲೆ ಒಂದು ಕೊಂಬು, ಮರದ ಬಟ್ಟಲು, ದಪ್ಪನೆಯ ಬಳೆ. ‘ಸಾವಿರ ವರ್ಷದ ಹಿಂದೆಯೇ ನಿಂತುಹೋದ ಪೂಜೆ ಇದು, ಅಲ್ವಾ? ಅಂಗಡಿಯಲ್ಲಿ ಕೊಂಡ ಸಾಮಾನು ಇಟ್ಟುಕೊಂಡರೆ ಅದು ಧರ್ಮವಾಗುತ್ತಾ? ಆ ಸುತ್ತಿಗೆ ಜನಾಂಗದ್ವೇಷಿಗಳ ಗುರುತು ಅಂತಲೂ ಕೇಳಿದ್ದೇನೆ. ಮಗಳನ್ನು ಅವರ ಆಚರಣೆಗೆ ಕರೆದಿದ್ದಾರೆ, ಹೋಗಬಹುದಾ?’ ಎಂದು ಕೇಳಿದ್ದಾರೆ.

ನಮಸ್ಕಾರ. ಪೂಜೆ ನಿಂತುಹೋಗಿತ್ತು ಎನ್ನುವುದು ನಿಜ. ಐಸ್‌ಲ್ಯಾಂಡ್ ಕ್ರಿ.ಶ. 1000ರ ಸುಮಾರಿಗೆ ಕ್ರೈಸ್ತ ದೇಶವಾಯಿತು. ಡೆನ್ಮಾರ್ಕ್ ಅದಕ್ಕೂ ಮೊದಲೇ ಆಗಿತ್ತು. ಇವತ್ತಿನ ಆಚರಣೆಯನ್ನು ಹೊಸದಾಗಿ ಕಟ್ಟಿಕೊಂಡವರು ನಮ್ಮ ಕಾಲದವರೇ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಈ ದೇವರುಗಳನ್ನು ನಂಬುವವರ ಸಂಘ ಶುರುವಾಯಿತು. ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ ಎಂಬ ಕುರಿ ಸಾಕುವ ಕವಿ ಅದರ ಮೊದಲ ಮುಖ್ಯ ಪುರೋಹಿತರು. ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು. ಡೆನ್ಮಾರ್ಕಿನ ಫೋರ್ನ್ ಸಿದರ್ ಸಂಘಕ್ಕೆ ಅದು ಸಿಕ್ಕಿದ್ದು 2003ರಲ್ಲಿ.

ಆದರೆ ಕ್ರೈಸ್ತ ಧರ್ಮ ಬರುವ ಮೊದಲಿನ ಕಾಲದ ದೊಡ್ಡ ಪೂಜೆಗಳ ಬಗ್ಗೆ ತಿಳಿದಿರುವುದು ಕಡಿಮೆ. ಮಣ್ಣಿನಲ್ಲಿ ಉಳಿದು ಸಿಕ್ಕಿದ್ದು ಹೆಚ್ಚಾಗಿ ಮೈಮೇಲೆ ಧರಿಸುತ್ತಿದ್ದ ಚಿಕ್ಕ ವಸ್ತುಗಳು. ಅದರಲ್ಲೂ ಈ ಸುತ್ತಿಗೆ. ಥಾರ್‌ನ ಆಯುಧ ಮ್ಯೋಲ್ನಿರ್‌ನ ಪುಟ್ಟ ರೂಪ ಅದು. ಬೆಳ್ಳಿ, ಕಂಚು, ಕಬ್ಬಿಣ, ಸೀಸ, ಯಾರ ಕೈಗೆ ಏನು ಎಟುಕಿತೋ ಅದರಲ್ಲಿ ಮಾಡಿಸಿಕೊಂಡಿದ್ದಾರೆ. ಡೆನ್ಮಾರ್ಕಿನ ಲೋಲ್ಯಾಂಡ್ ದ್ವೀಪದಲ್ಲಿ ಸಿಕ್ಕಿದ ಒಂದು ಸುತ್ತಿಗೆಯ ಸುದ್ದಿ 2014ರಲ್ಲಿ ಬಂತು. ಅದರ ಮೇಲೆ ಆ ಕಡೆಯ ಹಳೆಯ ಲಿಪಿಯಾದ ರೂನ್‌ನಲ್ಲಿ ‘ಇದು ಸುತ್ತಿಗೆ’ ಎಂದು ಕೆತ್ತಿದೆ. ಕೆತ್ತಿದವನು ಒಂದು ಅಕ್ಷರ ಬಿಟ್ಟಿದ್ದಾನೆ! ಆ ಕೈ ನನಗೆ ತುಂಬಾ ಹತ್ತಿರದ್ದು ಅನ್ನಿಸುತ್ತದೆ. ಅದೇ ದೇಶದ ಟ್ರೆಂಡ್‌ಗಾರ್ಡನ್‌ನಲ್ಲಿ ಬಳಪದ ಕಲ್ಲಿನ ಅಚ್ಚು ಸಿಕ್ಕಿದೆ. ಆ ಒಂದೇ ಕಲ್ಲಿನಲ್ಲಿ ಸುತ್ತಿಗೆಯನ್ನೂ ಎರಕ ಹೊಯ್ಯಬಹುದಿತ್ತು, ಶಿಲುಬೆಯನ್ನೂ ಹೊಯ್ಯಬಹುದಿತ್ತು. ಗಿರಾಕಿ ಕೇಳಿದ್ದನ್ನು ಅಕ್ಕಸಾಲಿಗ ಮಾಡಿಕೊಡುತ್ತಿದ್ದ. ಅಂದರೆ ಅಂಗಡಿಯಲ್ಲಿ ಕೊಂಡ ಸುತ್ತಿಗೆ ಆಗಲೂ ಇತ್ತು. ಕೊಂಡದ್ದು ಎಂಬ ಕಾರಣಕ್ಕೇ ಪಕ್ಕದ ಮನೆಯವರದ್ದನ್ನು ನಕಲಿ ಎನ್ನಲಾಗದು.

ಬಳೆಯದು ಬೇರೆ ಕತೆ. 13ನೇ ಶತಮಾನದ ಐರ್ಬಿಗ್ಯಾ ಸಾಗಾ ಎಂಬ ಐಸ್‌ಲ್ಯಾಂಡಿನ ಗದ್ಯಕಥನದಲ್ಲಿ ಒಂದು ಗುಡಿಯ ವರ್ಣನೆ ಬರುತ್ತದೆ. ಪೀಠದ ಮೇಲೆ ಬೆಸುಗೆಯಿಲ್ಲದ ಬಳೆ, ಜನ ಆಣೆ ಮಾಡುತ್ತಿದ್ದದ್ದು ಅದರ ಮೇಲೆ. ಸಭೆ ಸೇರಿದಾಗ ಗುಡಿಯ ಮುಖ್ಯಸ್ಥ ಅದನ್ನು ತೋಳಿಗೆ ತೊಡಬೇಕಿತ್ತು. ಬರೆದವರು ಕ್ರೈಸ್ತರು, ಅದೂ ಹಳೆಯ ಪೂಜೆ ನಿಂತು ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಹಾಗಾಗಿ ಎಲ್ಲವನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಈಗಿನವರು ಮದುವೆಯಲ್ಲಿ, ಸಂಘಕ್ಕೆ ಹೊಸಬರು ಸೇರುವಾಗ ಇಂಥ ಬಳೆ ಹಿಡಿದು ಮಾತು ಕೊಡುತ್ತಾರೆ. ಬಳೆಗೆ ಬೆಲೆ ಬರುವುದು ಆ ಮಾತಿನಿಂದ, ಅದನ್ನು ಉಳಿಸಿಕೊಳ್ಳುವುದರಿಂದ. ಹಳೆಯದಾ ಹೊಸದಾ ಎಂದು ಕೇಳುವ ಮೊದಲು ಅದರಿಂದ ಏನು ಮಾಡುತ್ತಾರೆ ಎಂದು ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ಮಾರಾಟಗಾರರು ಹೇಳಿದ್ದೆಲ್ಲ ನಿಜವಲ್ಲ. ‘ವೈಕಿಂಗ್ ದಿಕ್ಸೂಚಿ’ ಎಂದು ಜಾಸ್ತಿ ಮಾರಾಟವಾಗುವ ವೆಗ್ವೀಸಿರ್ ಚಿಹ್ನೆ ನಮಗೆ ಸಿಗುವುದು 1860ರ ಐಸ್‌ಲ್ಯಾಂಡಿನ ಒಂದು ಹಸ್ತಪ್ರತಿಯಲ್ಲಿ. ಸಾವಿರ ವರ್ಷದ ಹಿಂದಿನ ಆ ನಾಡಿನ ಕಡಲಯಾನಿಗಳಾದ ವೈಕಿಂಗರಿಗೂ ಅದಕ್ಕೂ ಸಂಬಂಧವಿದೆ ಎನ್ನಲು ಆಧಾರವಿಲ್ಲ.

ಜನಾಂಗದ್ವೇಷದ ಭಯ ಸುಮ್ನೆ ಹುಟ್ಟಿದ್ದಲ್ಲ. ನಾತ್ಸಿಗಳ ಎಸ್‌ಎಸ್ ಪಡೆ ರೂನ್‌ಗಳನ್ನು ತನ್ನ ಲಾಂಛನ ಮಾಡಿಕೊಂಡಿತ್ತು. ಇವತ್ತಿಗೂ ಬಿಳಿಯರೇ ಮೇಲು ಎನ್ನುವ ಗುಂಪುಗಳು ಸುತ್ತಿಗೆ ತೊಡುತ್ತವೆ. ಇದರಿಂದ ಹೆಚ್ಚು ನೋಯುವವರು ಭಕ್ತಿಯಿಂದ ತೊಡುವವರೇ. ಐಸ್‌ಲ್ಯಾಂಡಿನ ಸಂಘ ಅಂಥವರನ್ನು ಬಹಿರಂಗವಾಗಿ ದೂರವಿಟ್ಟಿದೆ. ಅಮೆರಿಕದಲ್ಲಿ ಮಾಜಿ ಸೈನಿಕರ ಸಮಾಧಿಕಲ್ಲಿನ ಮೇಲೆ ಕೆತ್ತಬಹುದಾದ ನಂಬಿಕೆಯ ಚಿಹ್ನೆಗಳ ಪಟ್ಟಿಗೆ 2013ರಲ್ಲಿ ಥಾರ್‌ನ ಸುತ್ತಿಗೆಯೂ ಸೇರಿತು. ಸುತ್ತಿಗೆಯೊಂದನ್ನೇ ನೋಡಿ ಯಾರನ್ನೂ ಅಳೆಯಬೇಡಿ. ಪಕ್ಕದಲ್ಲಿ ಬೇರೆ ಯಾವ ಗುರುತಿದೆ, ಪರದೇಶದವರ ಬಗ್ಗೆ ಏನು ಮಾತಾಡುತ್ತಾರೆ ನೋಡಿ. ಕನ್ನಡದ ಹುಡುಗಿಯನ್ನು ತಾವಾಗಿಯೇ ಮನೆಗೆ ಕರೆದಿದ್ದಾರೆ ಎನ್ನುವುದು ಒಳ್ಳೆಯ ಲಕ್ಷಣ.

ಆದ್ದರಿಂದ ಮಗಳು ಹೋಗಲಿ. ಈ ಆಚರಣೆಗೆ ‘ಬ್ಲೋತ್’ ಎನ್ನುತ್ತಾರೆ. ಹಿಂದೆ ಪ್ರಾಣಿಬಲಿ ಇತ್ತು. ಐಸ್‌ಲ್ಯಾಂಡಿನ ಸಂಘದಲ್ಲಿ ಅದಿಲ್ಲ, ಕೊಂಬಿನಲ್ಲಿ ಪಾನೀಯ ತುಂಬಿ ಕೈಯಿಂದ ಕೈಗೆ ಸಾಗಿಸುತ್ತಾರೆ. ಬೇರೆ ಕಡೆಯೂ ಹೆಚ್ಚಾಗಿ ಹೀಗೇ. ದೇವರನ್ನೋ ತೀರಿಹೋದ ಹಿರಿಯರನ್ನೋ ನೆನೆದು ಕುಡಿಯುತ್ತಾರೆ, ಸ್ವಲ್ಪ ನೆಲಕ್ಕೆ ಸುರಿಯುತ್ತಾರೆ. ಜೇನಿನ ಮದ್ಯ ಬೇಡವಾದರೆ ಮೊದಲೇ ಹೇಳಲಿ, ಸೇಬಿನ ರಸ ಬಳಸುವವರೂ ಇದ್ದಾರೆ. ಕೊಂಬು ತನ್ನ ಸರದಿಗೆ ಬಂದಾಗ ಅಜ್ಜ ಅಜ್ಜಿಯ ಹೆಸರು ಹೇಳಿ ಮುಂದಿನವರಿಗೆ ಕೊಟ್ಟರೂ ಸಾಕು. ಕಪಾಟಿನ ಮೇಲಿನ ವಸ್ತುಗಳನ್ನು ಮಾತ್ರ ಕೇಳದೆ ಮುಟ್ಟುವುದು ಬೇಡ. ಮುಖ್ಯವಾಗಿ ಆ ಬಳೆಯನ್ನು.