ಕ್ಷಮೆ ಸಿಕ್ಕಿದೆ, ತಂಗಿಯ ಪಾಲು ಸಿಕ್ಕಿಲ್ಲ

ಕರಾವಳಿಯ ಕಥೋಲಿಕ ಓದುಗರೊಬ್ಬರ ಪತ್ರ ನನ್ನನ್ನು ಬಹಳವಾಗಿ ಕಲಕಿದೆ. ತಾಯಿ ಉಯಿಲು ಬರೆಯದೆ ತೀರಿಕೊಂಡ ಮೇಲೆ ಇವರು ಒಬ್ಬಳೇ ತಂಗಿಯನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು, ಖಾತೆ ಬದಲಾವಣೆಯ ಕಾಗದವೆಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ತಾಯಿಯ ಮನೆ, ಹಿತ್ತಲು ಎರಡೂ ಇವರ ಹೆಸರಿಗಾದವು. ಮದುವೆಯಾಗದ ತಂಗಿ ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತ ಬಾಡಿಗೆ ಕೋಣೆಯಲ್ಲಿದ್ದಾರೆ. ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಧರ್ಮಗುರುಗಳ ಮುಂದೆ ಪಾಪನಿವೇದನೆ ಮಾಡಿ, ಅವರು ಹೇಳಿದಂತೆ ಜಪಮಾಲೆಯನ್ನೂ ಮುಗಿಸಿದ ಇವರ ಪ್ರಶ್ನೆ ಒಂದೇ: ದೇವರು ಕ್ಷಮಿಸಿದ ಮೇಲೂ ಮನಸ್ಸು ಚುಚ್ಚುತ್ತಿರುವುದು ನನ್ನ ವಿಶ್ವಾಸದ ಕೊರತೆಯೇ?

ಅಲ್ಲ. ಚುಚ್ಚುತ್ತಿರುವುದು ನಿಮ್ಮಲ್ಲಿ ಇನ್ನೂ ಜೀವಂತವಾಗಿರುವ ವಿಶ್ವಾಸವೇ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಒಂದು ಸಾಲನ್ನು ಆವರಣದೊಳಗೆ ಹಾಕಿದ್ದೀರಿ. ಸಹಿ ಮಾಡುವ ಮೊದಲು ತಂಗಿ "ಓದಬೇಕಾ ಅಣ್ಣ?" ಎಂದು ಕೇಳಿದಳು, ನೀವು "ಬೇಡ" ಎಂದಿರಿ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣ ಇರುವುದು ಅಲ್ಲಿಯೇ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಮಗಳು ಎಂಬ ಭೇದವಿಲ್ಲವಾದ್ದರಿಂದ ಅರ್ಧ ಆಸ್ತಿ ಅವಳದೇ ಆಗಿತ್ತು. ಅದನ್ನು ತೆಗೆದುಕೊಂಡು, ಕದಿಯಬಾರದು ಎಂಬ ಏಳನೆಯ ದೈವಾಜ್ಞೆಯನ್ನು ಮುರಿದಿರಿ. ಆ ಒಂದು "ಬೇಡ"ದಿಂದ, ಸುಳ್ಳಾಡಬಾರದು ಎಂಬ ಎಂಟನೆಯದನ್ನೂ ಮುರಿದಿರಿ. ಕಳ್ಳನೊಬ್ಬ ಕದ್ದಿದ್ದರೆ ಅವಳು ಪಾಲನ್ನಷ್ಟೇ ಕಳೆದುಕೊಳ್ಳುತ್ತಿದ್ದಳು. ನೀವು ಅಣ್ಣನ ಮೇಲಿನ ಅವಳ ನಂಬಿಕೆಯನ್ನೇ ಸಾಧನವಾಗಿ ಬಳಸಿಕೊಂಡಿರಿ. ಇಂದಿಗೂ ಕ್ರಿಸ್ಮಸ್ಸಿಗೆ ಅವಳು ಮಾಡಿದ ಕುಸ್ವಾರ್ ತಿಂಡಿ ಮೊದಲು ನಿಮ್ಮ ಮನೆಗೇ ಬರುತ್ತದೆ ಎಂದು ಬರೆದಿದ್ದೀರಿ. ನನ್ನ ಮನಸ್ಸು ಆಕೆಯ ಕಡೆಗೇ ವಾಲಿದೆ, ಅದನ್ನು ಮುಚ್ಚಿಡುವುದಿಲ್ಲ.

ನನಗೆ ನಿಮ್ಮ ಮೇಲಿಗಿಂತ ಹೆಚ್ಚು ಸಿಟ್ಟು ಬಂದಿರುವುದು ನಿಮ್ಮ ಭಾವಮೈದುನನ ಮೇಲೆ. "ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ, ಕೃಪೆಗೆ ಅಧೀನರು, ಮುಗಿದದ್ದನ್ನು ಕೆದಕಬೇಡಿ" ಎಂದು ಸಮಾಧಾನ ಹೇಳಿದರಂತೆ. ಅದು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 14ನೇ ವಚನ. ಹಾಗಾದರೆ ಪಾಪ ಮಾಡೋಣವೇ ಎಂದು ಸಂತ ಪೌಲರು ಮರುವಚನದಲ್ಲೇ ಕೇಳಿ, ಎಂದಿಗೂ ಕೂಡದು ಎಂದಿದ್ದಾರೆ. ಅರ್ಧಕ್ಕೆ ನಿಲ್ಲಿಸಿದ ವಚನದಿಂದ ಹಾಳಾದ ಮನೆಗಳ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಧರ್ಮಗುರುಗಳನ್ನು ದೂರಲಾರೆ. ಆ ಪಾಲು ಈಗಲೂ ನಿಮ್ಮ ಕೈಯಲ್ಲೇ ಇದೆ ಎಂದು ಅವರಿಗೆ ಹೇಳಿದಂತೆ ಪತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಪಾಪಕ್ಷಮೆ ಪಾಪವನ್ನು ಕಳೆಯುತ್ತದೆ, ಆದರೆ ಪಾಪದಿಂದಾದ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ, ಕದ್ದದ್ದನ್ನು ಮರಳಿಸಲೇಬೇಕು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದ ಹೇಳುತ್ತದೆ. ಮರಳಿಸಬಲ್ಲವನು ಮರಳಿಸದಿದ್ದರೆ ಅವನ ಪಶ್ಚಾತ್ತಾಪ ಬರಿಯ ನಟನೆ ಎಂಬುದು ಸಂತ ಅಗಸ್ಟೀನರ ನಿಲುವು. ಇನ್ನೂ ಹಿಂದೆ ಹೋದರೆ, ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 6ನೇ ಅಧ್ಯಾಯವು ನೆರೆಯವನಿಗೆ ಮಾಡಿದ ವಂಚನೆಯನ್ನು ದೇವರಿಗೇ ಮಾಡಿದ ದ್ರೋಹವೆಂದು ಎಣಿಸಿ, ಮೂಲದ ಜೊತೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಒಡೆಯನಿಗೆ ಕೊಡಬೇಕೆಂದು ವಿಧಿಸುತ್ತದೆ. ಪ್ರಾಯಶ್ಚಿತ್ತಕ್ಕೆಂದು ಕೊಡುವ ಟಗರಿನ ಬಲಿಯ ಮಾತು ಬರುವುದು ಆಮೇಲೆ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವ ಜಕ್ಕಾಯನಂತೂ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ತಾನಾಗಿಯೇ ಎದ್ದು ನಿಂತು ಹೇಳಿದ. ದೈವನಿಯಮವು ನಿಮ್ಮನ್ನು ಹೆದರಿಸಲು ಇರುವುದಲ್ಲ. ನಿಮ್ಮ ತಂಗಿಯಂಥವರ ಪರವಾಗಿ ಮಾತನಾಡಲು ಇದೆ ಎಂಬುದು ನನ್ನ ದೃಢವಾದ ನಂಬಿಕೆ.

ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಆದ್ದರಿಂದ ತಂಗಿಗೆ ಸತ್ಯ ತಿಳಿಯುವುದಿದ್ದರೆ ಅದು ನಿಮ್ಮ ಬಾಯಿಂದಲೇ.

ಬರುವ ಭಾನುವಾರ ಚರ್ಚಿನ ಬಲಿಪೂಜೆಗೆ ಮೊದಲು ಬಿಡುಗಡೆ ಪತ್ರದ ನಕಲನ್ನು ಹಿಡಿದು ಅವಳ ಕೋಣೆಗೆ ಹೋಗಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳಿಗೆ ಓದಿ ಹೇಳಿ, ಅರ್ಧ ನಿನ್ನದು ಎಂದು ತಿಳಿಸಿ. ಇಷ್ಟು ವರ್ಷದ ಬಾಡಿಗೆಯ ಲೆಕ್ಕವನ್ನೂ ಅವಳೇ ಹೇಳಲಿ. ಅವಳು ಬೈದರೆ ಕೇಳಿಸಿಕೊಳ್ಳಿ. ಕ್ಷಮಿಸು ಎಂದು ಅಂದೇ ಒತ್ತಾಯಿಸಬೇಡಿ. ಹೊಸ ಪತ್ರದ ಮುದ್ರಾಂಕ ಮತ್ತು ನೋಂದಣಿ ಶುಲ್ಕ ನಿಮ್ಮದೇ. ಭಾವಮೈದುನನನ್ನು ಜೊತೆಗೆ ಕರೆದೊಯ್ಯಬೇಡಿ.