ಆಫ್‌ಸೈಡ್ ಗೆರೆ ಇದ್ದಲ್ಲೇ ಇರಲಿ, ಅಳತೆಯ ಪದ್ಧತಿ ಬದಲಾಗಲಿ

ಫುಟ್‌ಬಾಲ್‌ಗೆ ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಬಂದ ಮೇಲೆ ಕಾಲ್ಬೆರಳಷ್ಟು ಮುಂದಿದ್ದರೂ ಗೋಲು ರದ್ದಾಗುತ್ತಿದೆ, ಹಾಗಾದರೆ ಆಫ್‌ಸೈಡ್ ನಿಯಮವನ್ನೇ ಬದಲಿಸಬೇಕಲ್ಲವೇ ಎಂದು ಕೇಳಿದ್ದೀರಿ. ನೀವು ತೋರಿಸುವ ಜಾಗದಲ್ಲಿ ಬೇಡ ಎನ್ನುತ್ತೇನೆ. ಬದಲಾಗಬೇಕಾದ ಜಾಗ ಬೇರೆ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಿಯಮ. ಜೊತೆಗಾರ ಚೆಂಡು ಒದೆಯುವ ಕ್ಷಣದಲ್ಲಿ ಎದುರಾಳಿಯ ಅರ್ಧದೊಳಗಿರುವ ಆಟಗಾರನ ತಲೆ, ಮೈ, ಪಾದ ಇವುಗಳಲ್ಲಿ ಯಾವುದೇ ಭಾಗ ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್‌ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ತೋಳು, ಕೈ ಲೆಕ್ಕಕ್ಕಿಲ್ಲ. ಕಂಕುಳಿನ ತಳದ ಮಟ್ಟದಿಂದ ಕೆಳಗಿನದು ತೋಳು. ಸಮಸಮ ಇದ್ದರೆ ಆನ್‌ಸೈಡ್, ಇದು 1990ರಿಂದ. ಬರಿಗಣ್ಣಿನ ಕಾಲಕ್ಕೆ ಬರೆದ ಈ ಮಾತುಗಳನ್ನು 2018ರ ನಂತರ ಕ್ಯಾಮೆರಾ ಅಳೆಯತೊಡಗಿತು. ತಕರಾರು ಹುಟ್ಟಿದ್ದು ಅಲ್ಲಿ.

ಗೆರೆ ಎಳೆಯುವ ಹಳೆಯ ಕ್ರಮ ನೋಡಿ. ಒದೆತದ ಫ್ರೇಮ್ ಆರಿಸಬೇಕು. ರಕ್ಷಕನ ಮೈಯಲ್ಲಿ ಗೋಲಿಗೆ ಅತಿ ಹತ್ತಿರದ ಬಿಂದು ಹಿಡಿದು, ಅದು ಭುಜವಾಗಿದ್ದರೆ ನೇರ ನೆಲಕ್ಕೆ ಇಳಿಸಿ, ಗೋಲ್‌ಗೆರೆಗೆ ಸಮಾನಾಂತರವಾಗಿ ಗೆರೆ ಹಾಕಬೇಕು. ದಾಳಿಗಾರನಿಗೂ ಹಾಗೆಯೇ. ಹೆಚ್ಚು ತಪ್ಪುವುದು ಮೊದಲ ಹೆಜ್ಜೆಯೇ. ಸೆಕೆಂಡಿಗೆ 50 ಫ್ರೇಮ್ ಎಂದರೆ ಎರಡು ಚಿತ್ರಗಳ ನಡುವೆ 0.02 ಸೆಕೆಂಡ್. ಸೆಕೆಂಡಿಗೆ 8 ಮೀಟರ್ ಓಡುವ ಸ್ಟ್ರೈಕರ್ ಅಷ್ಟರಲ್ಲಿ 16 ಸೆಂ.ಮೀ. ಮುಂದೆ ಹೋಗಿರುತ್ತಾನೆ. ರಕ್ಷಕ 4 ಮೀಟರ್ ವೇಗದಲ್ಲಿ ಎದುರು ದಿಕ್ಕಿಗೆ ಏರಿ ಬರುತ್ತಿದ್ದರೆ ಇನ್ನೊಂದು 8. ಒಟ್ಟು 24 ಸೆಂ.ಮೀ. ಕಾಲು ಚೆಂಡಿಗೆ ತಾಗಿದ ನಿಜವಾದ ಕ್ಷಣ ಆ ಎರಡು ಫ್ರೇಮ್‌ಗಳ ನಡುವೆ ಎಲ್ಲೋ ಇರುತ್ತದೆ. ಒದೆತವೂ ಒಂದು ಬಿಂದುವಲ್ಲ, ಕಾಲು ಚೆಂಡಿಗೆ ಅಂಟಿರುವುದು ಸುಮಾರು 10 ಮಿಲಿಸೆಕೆಂಡ್. ಮೊದಲ ಸ್ಪರ್ಶವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ನಿಯಮದಲ್ಲಿ ಬರೆದಿರುವುದು ಅದಕ್ಕೇ. ಇಷ್ಟು ಸಡಿಲವಾದ ಸಾಧನದಿಂದ 2019ರಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಲಿವರ್‌ಪೂಲ್‌ನ ಫಿರ್ಮಿನೊ ಅವರ ಗೋಲನ್ನು ಕಂಕುಳಿನ ಅಂಚಿನ ಮೇಲೆ ರದ್ದು ಮಾಡಿದ್ದು ನನ್ನ ಪ್ರಕಾರ ಅನ್ಯಾಯ. ಅಲ್ಲಿ ಸೋತದ್ದು ಅಳತೆ.

ಕತಾರ್‌ನ 2022ರ ವಿಶ್ವಕಪ್‌ನಲ್ಲಿ ಸ್ಥಿತಿ ಸುಧಾರಿಸಿತು. ಚಾವಣಿಯ ಕೆಳಗೆ 12 ಕ್ಯಾಮೆರಾ, ಪ್ರತಿ ಆಟಗಾರನ ಮೈಯಲ್ಲಿ 29 ಬಿಂದು, ಚೆಂಡಿನೊಳಗೆ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುವ ಸೆನ್ಸರ್. ಒದೆತದ ಕ್ಷಣದ ಅನುಮಾನ 2 ಮಿಲಿಸೆಕೆಂಡಿಗೆ ಇಳಿದಾಗ ಅದೇ ಸ್ಟ್ರೈಕರ್‌ನ 16 ಸೆಂ.ಮೀ. 1.6ಕ್ಕೆ ಇಳಿಯುತ್ತದೆ. ಆದರೆ ಮೈಯ ಬಿಂದುಗಳನ್ನು ಹಿಡಿಯುವ ಕ್ಯಾಮೆರಾ ಆಗಲೂ ಸೆಕೆಂಡಿಗೆ 50 ಬಾರಿಯದ್ದೇ. ನಡುವಿನದನ್ನು ಲೆಕ್ಕ ಹಾಕಿ ತುಂಬಬೇಕು. ಟಿವಿಯಲ್ಲಿ ತೋರಿಸುವ ಆ ನುಣುಪಾದ ಬೊಂಬೆಯ ಕಾಲ್ಬೆರಳು ಅಂದಾಜಿನ ಕಾಲ್ಬೆರಳು. ಚೆಂಡಿನ ಸೆನ್ಸರ್ ಎಲ್ಲ ಲೀಗ್‌ಗಳಲ್ಲೂ ಇಲ್ಲ ಎನ್ನುವುದು ಬೇರೆ ಮಾತು.

ಇದಕ್ಕೆ ಮದ್ದು ಕ್ರಿಕೆಟ್ ನೋಡುವ ನಮಗೆಲ್ಲ ಗೊತ್ತಿರುವುದೇ: ಅಂಪೈರ್ಸ್ ಕಾಲ್. ಡಿಆರ್‌ಎಸ್‌ನಲ್ಲಿ ಚೆಂಡು ಸ್ಟಂಪಿನ ಅಂಚು ಸವರುವಂತಿದ್ದರೆ ಮೈದಾನದ ತೀರ್ಪೇ ನಿಲ್ಲುತ್ತದೆ. ಆಫ್‌ಸೈಡಿನಲ್ಲೂ ಅಳತೆಯ ದೋಷ ಎಷ್ಟೋ ಅಷ್ಟಗಲದ ಪಟ್ಟಿ ಬಿಟ್ಟು, ಅದರೊಳಗೆ ಬಿದ್ದರೆ ಸಹಾಯಕ ರೆಫರಿ ಕೊಟ್ಟದ್ದೇ ಅಂತಿಮ ಎನ್ನಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2021-22ರಲ್ಲಿ ಗೆರೆಗಳನ್ನು ದಪ್ಪ ಮಾಡಿ, ಒಂದರ ಮೇಲೊಂದು ಬಿದ್ದರೆ ದಾಳಿಗಾರನಿಗೆ ಅನುಕೂಲ ಎಂದದ್ದು ಈ ದಾರಿಯಲ್ಲಿ ಅರ್ಧ ಹೆಜ್ಜೆ. ಪಟ್ಟಿಯ ಅಂಚಿನಲ್ಲೂ ಮಿಲಿಮೀಟರ್ ಜಗಳ ಉಳಿಯುತ್ತದಲ್ಲ ಎನ್ನಬಹುದು. ಉಳಿಯುತ್ತದೆ. ಆದರೆ ಆಗ ಕ್ಯಾಮೆರಾ ನೋಡಿ ರದ್ದು ಮಾಡುವ ಗೋಲು ನಿಜಕ್ಕೂ ಆಫ್‌ಸೈಡ್ ಆಗಿರುತ್ತದೆ.

ಆರ್ಸೆನಲ್‌ನ ಮಾಜಿ ಕೋಚ್ ಆರ್ಸೆನ್ ವೆಂಗರ್ ಅವರ ಸಲಹೆ ಬೇರೆ. ಗೋಲು ಹೊಡೆಯಬಲ್ಲ ಯಾವುದೇ ಅಂಗ ರಕ್ಷಕನ ಸಮಕ್ಕಿದ್ದರೂ ಆನ್‌ಸೈಡ್, ಇಬ್ಬರ ನಡುವೆ ಬೆಳಕು ಕಂಡರೆ ಮಾತ್ರ ಆಫ್‌ಸೈಡ್. ಕೇಳಲು ಚೆಂದ. ಆದರೆ ಮೊದಲು ಕಾಲ್ಬೆರಳು ಅಳೆಯುತ್ತಿದ್ದವರು ಇನ್ನು ಹಿಮ್ಮಡಿ ಅಳೆಯುತ್ತಾರೆ, ಅಷ್ಟೇ. ಮೇಲಾಗಿ ಓಡುವವನ ಹಿಂಗಾಲಿನಿಂದ ಮುಂದೆ ಬಾಗಿದ ಎದೆಯವರೆಗೆ ಸುಮಾರು ಒಂದು ಮೀಟರ್ ಆಗುತ್ತದೆ. ಅಷ್ಟು ಮುನ್ನಡೆ ಸಿಕ್ಕ ಸ್ಟ್ರೈಕರ್‌ನನ್ನು ತಿರುಗಿ ಓಡಿ ಹಿಡಿಯಲಾಗದ ರಕ್ಷಕರು ಮಾಡುವುದು ಒಂದೇ: ಪೆನಾಲ್ಟಿ ಬಾಕ್ಸ್ ಹತ್ತಿರಕ್ಕೆ ಇಳಿದು ನಿಲ್ಲುವುದು. 1925ರಲ್ಲಿ ಆನ್‌ಸೈಡ್ ಆಗಲು ಮುಂದೆ ಮೂವರು ಎದುರಾಳಿಗಳ ಬದಲು ಇಬ್ಬರು ಸಾಕು ಎಂದಾಗ ಇಂಗ್ಲೆಂಡಿನ ಆಗಿನ ಅಗ್ರ ಲೀಗ್ ಆದ ಫಸ್ಟ್ ಡಿವಿಷನ್‌ನ ಗೋಲುಗಳು ಒಂದೇ ವರ್ಷದಲ್ಲಿ 1,192ರಿಂದ 1,703ಕ್ಕೆ ಏರಿದವು. ಅದಕ್ಕೆ ಉತ್ತರವಾಗಿ ಹರ್ಬರ್ಟ್ ಚಾಪ್‌ಮನ್ ಅವರ ಆರ್ಸೆನಲ್ ಮೈದಾನದ ನಡುವೆ ಆಡುತ್ತಿದ್ದ ಸೆಂಟರ್-ಹಾಫ್‌ನನ್ನು ಹಿಂದಕ್ಕೆಳೆದು ರಕ್ಷಣೆಯಲ್ಲಿ ನಿಲ್ಲಿಸಿತು, ಉಳಿದವರೂ ಅದನ್ನೇ ಹಿಡಿದರು. ಇನ್ನೊಂದು ಸಂಗತಿ: ಈ ನಿಯಮ ಕ್ಯಾಮೆರಾ ಇರುವವರಿಗಷ್ಟೇ ಅಲ್ಲ. ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕೂಡ ವಿಎಆರ್ ಇಲ್ಲದೆ ಆಡುತ್ತ ಬಂದಿದೆ. ಕಂಠೀರವದಲ್ಲಿ ಬಾವುಟ ಹಿಡಿದವನು ಮುಂದಿರುವ ಮೈಯನ್ನು ಕಣ್ಣಲ್ಲಿ ಹಿಡಿದಾನು, ಹಿಂದುಳಿದ ಹಿಮ್ಮಡಿಯನ್ನು ಹಿಡಿಯುವುದು ಬಲು ಕಷ್ಟ.

ವಿಎಆರ್ ನೋಡಿಕೊಳ್ಳಲಿ ಎಂದು ಸಹಾಯಕ ರೆಫರಿ ದಾಳಿ ಮುಗಿಯುವವರೆಗೆ ಬಾವುಟ ತಡ ಮಾಡುವ ಪದ್ಧತಿಯನ್ನಂತೂ ಕೂಡಲೇ ಬಿಗಿ ಮಾಡಬೇಕು. 2025ರ ಮೇನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ತೈವೊ ಅವೊನಿಯಿ, ಮೊದಲೇ ಆಫ್‌ಸೈಡ್ ಆಗಿದ್ದ ಚಲನೆಯಲ್ಲಿ ಬಾವುಟ ಏಳದ ಕಾರಣ ಆಟ ಮುಂದುವರಿದು, ಗೋಲ್ ಕಂಬಕ್ಕೆ ಬಡಿದು ಹೊಟ್ಟೆಗೆ ಗಂಭೀರ ಪೆಟ್ಟು ಮಾಡಿಕೊಂಡರು. ಅನುಮಾನವೇ ಇಲ್ಲದ ಕಡೆ ಬಾವುಟ ತಕ್ಷಣ ಏಳಲಿ.

ಇನ್ನು ನಿಜಕ್ಕೂ ತಿದ್ದಬೇಕಾದ ಭಾಗ. ಆಫ್‌ಸೈಡ್ ಸ್ಥಾನದಲ್ಲಿ ನಿಂತದ್ದೇ ತಪ್ಪಲ್ಲ, ಆಟದಲ್ಲಿ ಪಾಲ್ಗೊಂಡರೆ ತಪ್ಪು. ಪಾಲ್ಗೊಳ್ಳುವುದು ಎಂದರೇನು? 2023ರ ಜನವರಿಯ ಮ್ಯಾಂಚೆಸ್ಟರ್ ಡರ್ಬಿಯಲ್ಲಿ (ಯುನೈಟೆಡ್ ಮತ್ತು ಸಿಟಿ ನಡುವಿನ ಪಂದ್ಯ) ಆಫ್‌ಸೈಡ್ ಇದ್ದ ಯುನೈಟೆಡ್‌ನ ರಾಶ್‌ಫರ್ಡ್ ಚೆಂಡಿನ ಬೆನ್ನಿಗೇ ಓಡಿದರು, ಮುಟ್ಟಲಿಲ್ಲ. ಹಿಂದಿನಿಂದ ಬಂದ ಬ್ರೂನೊ ಫರ್ನಾಂಡಿಸ್ ಗೋಲು ಹೊಡೆದರು, ಗೋಲು ನಿಂತಿತು. ರಾಶ್‌ಫರ್ಡ್ ಎಲ್ಲಿದ್ದರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಿಟಿ ರಕ್ಷಕರೂ ಗೋಲ್‌ಕೀಪರೂ ಅವರನ್ನು ನೋಡಿಕೊಂಡೇ ತಮ್ಮ ನಡೆ ಆರಿಸಿದ್ದು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ಸಾವಿರ ಕ್ಯಾಮೆರಾ ಇಟ್ಟರೂ ಪ್ರಯೋಜನವಿಲ್ಲ, ಪದ ಬದಲಾಗಬೇಕು: ಒದೆಯುವಷ್ಟು ಹತ್ತಿರದಲ್ಲಿ ಚೆಂಡಿನ ಜೊತೆ ಓಡಿದವನು ಮುಟ್ಟದಿದ್ದರೂ ಆಟದಲ್ಲಿ ಪಾಲ್ಗೊಂಡವನೇ ಎಂದು ಆಫ್‌ಸೈಡಿನ ನಿಯಮ 11ರಲ್ಲಿ ಒಂದು ಸಾಲು ಸೇರಿಸಿದರೆ ಸಾಕು.