ಓದುಗರ ಪ್ರಶ್ನೆ: ಅಂಡಮಾನ್‌ನಲ್ಲಿ ಹವಳ, ಆಮೆ, ಮರಳದಾರಿ

ಪ್ರಶ್ನೆ: ಜನವರಿಯಲ್ಲಿ ವಿಮಾನದ ದಿನಗಳನ್ನು ಬಿಟ್ಟು ಆರು ದಿನ ಅಂಡಮಾನ್‌ನಲ್ಲಿರುತ್ತೇವೆ. ಹವಳ, ಸುಣ್ಣಕಲ್ಲಿನ ಗುಹೆ, ಕಡಲಾಮೆ ಮೂರನ್ನೂ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ಹ್ಯಾವ್‌ಲಾಕ್ ಮತ್ತು ನೀಲ್ (ಈಗಿನ ಸ್ವರಾಜ್, ಶಹೀದ್ ದ್ವೀಪಗಳು) ಎರಡನ್ನೂ ಈ ಸಲ ಬಿಡಿ. ಆಮೆಗಳು ಮೊಟ್ಟೆಯಿಡುವ ಕಾಲೀಪುರ ಕಡಲತೀರ ಇರುವುದು ಉತ್ತರದ ದಿಗ್ಲಿಪುರದ ಬಳಿ. ಶ್ರೀವಿಜಯಪುರಂನಿಂದ, ಅಂದರೆ ಹಳೆಯ ಪೋರ್ಟ್ ಬ್ಲೇರ್‌ನಿಂದ, ರಸ್ತೆಯಲ್ಲಿ ಒಂದಿಡೀ ಹಗಲು ಬೇಕು. ಮೊದಲ ದಿನ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋಗಿ ಹವಳ ನೋಡಿ. ಸೋಮವಾರ ಅಲ್ಲಿ ರಜೆ, ಪರವಾನಗಿ ಮೊದಲೇ ಪಡೆಯಬೇಕು. ಎರಡನೇ ದಿನ ದಿಗ್ಲಿಪುರ. ಅಲ್ಲಿ ಎರಡು ರಾತ್ರಿ ಇರಿ, ಏಕೆಂದರೆ ಆಮೆ ಇಂಥ ರಾತ್ರಿಯೇ ಬರುತ್ತದೆಂಬ ಖಾತ್ರಿಯಿಲ್ಲ. ಮರಳುವಾಗ ರಂಗತ್‌ನಲ್ಲಿ ತಂಗಿ, ಐದನೇ ದಿನ ಬಾರಾಟಾಂಗ್ ಗುಹೆ ನೋಡಿ ವಾಪಸಾಗಿ. ಆರನೇ ದಿನವನ್ನು ಕಡಲು ಕೆಟ್ಟರೆ ಇರಲಿ ಎಂದು ಖಾಲಿ ಇಟ್ಟುಕೊಳ್ಳಿ. ಹವೆ ಚೆನ್ನಾಗಿದ್ದರೆ ಅಂದು ಬೆಳಗ್ಗೆ ಚಿಡಿಯಾ ಟಾಪುವಿಗೆ ಹೋಗಿ. ಅಂಡಮಾನ್ ಕಪ್ಪು ಮರಕುಟಿಗದಂಥ, ಬೇರೆಲ್ಲೂ ಇಲ್ಲದ ಹಕ್ಕಿಗಳಿಗೆ ಅದು ಒಳ್ಳೆಯ ಜಾಗ.

ಬಾರಾಟಾಂಗ್ ರಸ್ತೆ ಜಾರವಾ ಬುಡಕಟ್ಟಿನ ಮೀಸಲು ಪ್ರದೇಶದೊಳಗೆ ಹಾದುಹೋಗುತ್ತದೆ. ವಾಹನಗಳನ್ನು ನಿಗದಿತ ವೇಳೆಗೆ ಸಾಲಾಗಿ, ಬೆಂಗಾವಲಿನಲ್ಲಿ ಬಿಡುತ್ತಾರೆ. ಮಧ್ಯಾಹ್ನದ ಕೊನೆಯ ಸಾಲು ತಪ್ಪಿದರೆ ರಾತ್ರಿ ಅಲ್ಲೇ. ದಾರಿಯಲ್ಲಿ ನಿಲ್ಲುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಅಲ್ಲಿನ ಜನ ನೋಡುವ ವಸ್ತುವಲ್ಲ, ಕಾನೂನು ಇರದಿದ್ದರೂ ಇದನ್ನು ಪಾಲಿಸಲೇಬೇಕು. ಗುಹೆಗೆ ಟಾರ್ಚ್ ಒಯ್ಯಿರಿ. ಇಳಿಬಿದ್ದ ಸುಣ್ಣದ ಕೋಲುಗಳನ್ನು ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಸುಣ್ಣ ಮತ್ತೆ ಸರಿಯಾಗಿ ಕೂರುವುದಿಲ್ಲ.

ಕಾಲೀಪುರದಲ್ಲಿ ಅರಣ್ಯ ಇಲಾಖೆಯ ಸಿಬ್ಬಂದಿಯ ಜೊತೆಗೇ ಹೋಗಿ. ಬಿಳಿ ಬೆಳಕು, ಫ್ಲ್ಯಾಶ್ ಬೇಡ. ದಡಕ್ಕೆ ಏರುತ್ತಿರುವ ಆಮೆ ಬೆಳಕು, ಸದ್ದು ಕಂಡರೆ ಮೊಟ್ಟೆಯಿಡದೆ ಹಿಂದಿರುಗುತ್ತದೆ. ಅದು ಗುಂಡಿ ತೋಡಿ ಮೊಟ್ಟೆಯಿಡಲು ಶುರುಮಾಡಿದ ಮೇಲಷ್ಟೇ ಹಿಂಬದಿಯಿಂದ ಹತ್ತಿರ ಹೋಗಬೇಕು. ಮರಿಗಳ ವಿಷಯ ಇನ್ನೂ ಸೂಕ್ಷ್ಮ: ಅವು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬುತ್ತವೆ. ನಿಮ್ಮ ಮೊಬೈಲ್ ಬೆಳಕು ಸಾಕು, ದಾರಿ ತಪ್ಪಲು.

ಪ್ರಶ್ನೆ: ದಿಗ್ಲಿಪುರದ ಬಳಿಯ ರಾಸ್–ಸ್ಮಿತ್ ದ್ವೀಪಗಳ ನಡುವಿನ ಮರಳದಾರಿ ನಾವು ಹೋದಾಗ ನೀರಿನಡಿ ಇತ್ತು. ಏಕೆ?

ಉತ್ತರ: ಉಬ್ಬರದ ಹೊತ್ತಿಗೆ ಹೋಗಿದ್ದೀರಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಹೋದವರು ಹೇಳಿದ ವೇಳೆ ಇವತ್ತಿಗೇ ಸರಿಹೊಂದುವುದಿಲ್ಲ, ವಾರದ ಹಿಂದಿನದಂತೂ ಪೂರ್ತಿ ತಿರುಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಇಳಿಯುವುದರಿಂದ ದಾರಿ ಅಗಲವಾಗಿ ತೆರೆಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿ ನೋಡಿ, ಇಳಿತಕ್ಕೆ ಒಂದು ಗಂಟೆ ಮುಂಚೆ ಅಲ್ಲಿ ತಲುಪುವಂತೆ ಏರಿಯಲ್ ಬೇ ಜೆಟ್ಟಿಯಿಂದ ಬೋಟ್ ಹಿಡಿಯಿರಿ. ನನ್ನ ಪ್ರಕಾರ ಅಂಡಮಾನ್ ಪ್ರವಾಸದ ದಿನಾಂಕವನ್ನೇ ಈ ಪಟ್ಟಿ ನೋಡಿ ಗೊತ್ತುಮಾಡಬೇಕು. ನೀಲ್ ದ್ವೀಪದ ನೈಸರ್ಗಿಕ ಕಲ್ಲಿನ ಸೇತುವೆಗೂ ಇದೇ ಲೆಕ್ಕ.

ಪ್ರಶ್ನೆ: ಸ್ನಾರ್ಕೆಲಿಂಗ್ ಮಾಡುವಾಗ ಮಾಸ್ಕ್ ಒಳಗೆ ನೀರು ತುಂಬುತ್ತದೆ. ಪಟ್ಟಿ ಬಿಗಿದರೂ ನಿಲ್ಲದು.

ಉತ್ತರ: ಬಿಗಿದಷ್ಟೂ ಅಂಚು ಸೊಟ್ಟಗಾಗಿ ಸೋರುವುದು ಹೆಚ್ಚುತ್ತದೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ಅಂಚಿನಡಿ ಕೂದಲು ಸಿಕ್ಕಿರಬಾರದು. ಮೀಸೆಯಿದ್ದರೆ ಮೂಗಿನ ಕೆಳಗಿನ ಒಂದು ಗೆರೆ ಬೋಳಿಸಿ. ನೀರೊಳಗೆ ಗಾಬರಿಯಾದಾಗ ಕೆಳಗೆ ಹವಳದ ಮೇಲೆ ಕಾಲೂರುವುದೇ ದೊಡ್ಡ ಹಾನಿ. ಗುಂಡುಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಲೈಫ್ ಜಾಕೆಟ್ ಹಾಕಿಕೊಂಡೇ ತೇಲಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು, ಹಳ್ಳಗಳ ಬಾಯಿಯಲ್ಲಿ ಮಾತ್ರ ಇಳಿಯಲೇಬೇಡಿ, ಉಪ್ಪುನೀರಿನ ಮೊಸಳೆಗಳ ಜಾಗವದು.

ಪ್ರಶ್ನೆ: ದಡದಲ್ಲಿ ಬಿದ್ದ ಸತ್ತ ಹವಳದ ಚೂರು ತರಬಹುದೇ?

ಉತ್ತರ: ಬೇಡ. ಸತ್ತಿದ್ದರೂ ಅದು ವನ್ಯಜೀವಿ ಕಾಯ್ದೆಯಡಿ ಬರುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪ್ರಕರಣ ದಾಖಲಾಗಬಹುದು.